ನೀಲಿ ಪರದೆ ಬಂದ ಕೂಡಲೇ ಫಾರ್ಮ್ಯಾಟ್ ಬೇಡ: ಲ್ಯಾಪ್‌ಟಾಪ್ ಬಳಕೆದಾರರಲ್ಲಿ ಒಂದು ಮನವಿ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿದ್ದರಿಂದ, ಅದುವರೆಗೆ ಆ ಆವೃತ್ತಿಯಲ್ಲೇ ತಕರಾರಿಲ್ಲದೆ ನಡೆಯುತ್ತಿದ್ದ ಅಸಂಖ್ಯ ಲ್ಯಾಪ್‌ಟಾಪ್‌ಗಳು ಮನೆಗಳಲ್ಲಿ, ಶಾಲೆಗಳಲ್ಲಿ, ವಕೀಲರ ಕಚೇರಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ವಿಂಡೋಸ್ 11ಕ್ಕೆ ಬದಲಾಗಿವೆ, ಇನ್ನೂ ಬದಲಾಗುತ್ತಿವೆ. ಎಷ್ಟೋ ಯಂತ್ರಗಳು ಯಾವ ತೊಡಕೂ ಇಲ್ಲದೆ ಹೊಸ ಕಾರ್ಯಾಚರಣ ವ್ಯವಸ್ಥೆಗೆ ಹೊಂದಿಕೊಳ್ಳುತ್ತವೆಯಾದರೂ, ಕೆಲವು ಮಾತ್ರ ಒಂದೆರಡು ದಿನ ಚೆನ್ನಾಗಿ ನಡೆದು, ಆಮೇಲೆ ಕೆಲಸದ ನಡುವೆ ಥಟ್ಟನೆ ನೀಲಿ ಪರದೆ ತೋರಿಸಿ ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ. ಹಾಗಾದಾಗ ಗೆಳೆಯರಿಂದಲೂ ರಿಪೇರಿ ಅಂಗಡಿಗಳಿಂದಲೂ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಫಾರ್ಮ್ಯಾಟ್ ಮಾಡಿಸಿ ಹೊಸದಾಗಿ ಓಎಸ್ ಹಾಕಿಸುವುದು. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕುವ ಈ ಕ್ರಮವನ್ನು ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲಷ್ಟೇ ಹಿಡಿಯಬೇಕೆಂದು ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರಲ್ಲಿಯೂ, ಅದನ್ನು ರಿಪೇರಿ ಮಾಡುವವರಲ್ಲಿಯೂ ವಿನಂತಿಸಿಕೊಳ್ಳುವುದು ಈ ಬರಹದ ಉದ್ದೇಶ.

ನೀಲಿ ಪರದೆ ಏಕೆ ಬರುತ್ತದೆಂಬುದು ತಿಳಿದರೆ ಈ ವಿನಂತಿಯ ಕಾರಣವೂ ತಿಳಿಯುತ್ತದೆ. ವಿಂಡೋಸಿನ ತಂತ್ರಾಂಶಗಳು ಎರಡು ಸ್ತರಗಳಲ್ಲಿ ಕೆಲಸ ಮಾಡುತ್ತವೆ. ವರ್ಡ್, ಬ್ರೌಸರ್, ಟ್ಯಾಲಿ ಮುಂತಾದವು ಹೊರಗಿನ ಸ್ತರದಲ್ಲಿರುತ್ತವೆ. ಅವುಗಳಲ್ಲಿ ಯಾವುದಾದರೊಂದು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದವು ನಡೆಯುತ್ತಲೇ ಇರುತ್ತವೆ. ಒಳಗಿನ ಸ್ತರದಲ್ಲಿ ಕರ್ನಲ್ ಎಂದು ಕರೆಯಲಾಗುವ ವ್ಯವಸ್ಥೆಯ ತಿರುಳೂ, ಅದರ ಜೊತೆಗೆ ಡ್ರೈವರ್‌ಗಳೂ ಇರುತ್ತವೆ. ಸ್ಪೀಕರ್, ವೈಫೈ, ಡಿಸ್ಕ್, ಗ್ರಾಫಿಕ್ಸ್ ಮುಂತಾದ ಪ್ರತಿಯೊಂದು ಯಂತ್ರಭಾಗಕ್ಕೂ ವಿಂಡೋಸಿಗೂ ನಡುವೆ ನಿಂತು ವ್ಯವಹರಿಸುವ ಸಣ್ಣ ತಂತ್ರಾಂಶವೇ ಡ್ರೈವರ್. ಒಳಸ್ತರದಲ್ಲಿರುವವುಗಳಿಗೆ ಇಡೀ ಸ್ಮರಣೆಯ, ಅಂದರೆ ರ್‍ಯಾಮ್‌ನ ಮೇಲೆ ಅಧಿಕಾರವಿರುವುದರಿಂದ, ಒಂದು ಡ್ರೈವರ್ ತನ್ನದಲ್ಲದ ಜಾಗಕ್ಕೆ ಕೈಹಾಕಿದರೂ ಬೇರೆಯವುಗಳ ದತ್ತಾಂಶ ಕೆಡಬಹುದು, ಆ ಕೆಟ್ಟ ದತ್ತಾಂಶವೇ ಡಿಸ್ಕಿಗೆ ಬರೆದುಹೋಗಬಹುದು. ಅಂಥ ಅಪಾಯ ಕಂಡೊಡನೆ ಮುಂದುವರಿಯದೆ ಎಲ್ಲವನ್ನೂ ನಿಲ್ಲಿಸಿಬಿಡುವಂತೆ ವಿಂಡೋಸನ್ನು ರಚಿಸಲಾಗಿದೆ. ವೈರಿಂಗ್‌ನಲ್ಲಿ ದೋಷವಿದ್ದಾಗ ಮನೆಗೆ ಬೆಂಕಿ ಬೀಳದಂತೆ ಫ್ಯೂಸ್ ಹಾರುವ ಹಾಗೆಯೇ ಇದೂ ಬಳಕೆದಾರನ ಕಡತಗಳನ್ನು ಕಾಪಾಡುವ ನಿಲುಗಡೆ. ಕಡತಗಳನ್ನು ಉಳಿಸಲೆಂದು ನಿಂತ ಯಂತ್ರವನ್ನು ಒಯ್ದು ಅವೇ ಕಡತಗಳನ್ನು ಅಳಿಸಿಸಿಕೊಂಡು ಬರುವುದು ಬಹಳ ದುಃಖದ ಸಂಗತಿ.

ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದ ಹೊಸತರಲ್ಲಿಯೇ ಈ ತೊಂದರೆ ಹೆಚ್ಚಾಗಿ ಕಾಣಿಸುವುದಕ್ಕೂ ಕಾರಣವಿದೆ. ಕರ್ನಲ್ ಬದಲಾಗಿರುತ್ತದೆ, ಹಳೆಯ ಆವೃತ್ತಿಗೆಂದು ಬರೆದ ಡ್ರೈವರ್‌ಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ವಿಂಡೋಸ್ 11 ಬಿಡುಗಡೆಯಾದ 2021ರ ಅಕ್ಟೋಬರ್‌ನ ನಂತರ, ಇಂಟೆಲ್‌ನ 11ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಿದ್ದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನೀಲಿ ಪರದೆ ಬರತೊಡಗಿದಾಗ, ಅದರ ಮೂಲ ಇಂಟೆಲ್‌ನ ಧ್ವನಿಗೆ ಸಂಬಂಧಿಸಿದ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಡ್ರೈವರಿನ ಎರಡು ನಿರ್ದಿಷ್ಟ ಆವೃತ್ತಿಗಳಲ್ಲಿದೆಯೆಂದು ತಿಳಿದುಬಂದಿತು. ಆ ಡ್ರೈವರ್ ಹೊಸದಾಗುವವರೆಗೂ ಅಂಥ ಲ್ಯಾಪ್‌ಟಾಪ್‌ಗಳಿಗೆ ಹೊಸ ಆವೃತ್ತಿ ಹೋಗದಂತೆ ಮೈಕ್ರೋಸಾಫ್ಟ್ ತಡೆಹಿಡಿಯಿತು. ಹೀಗೆ ಹೊಂದಾಣಿಕೆಯ ದೋಷ ಗೊತ್ತಿರುವ ಯಂತ್ರಗಳಿಗೆ ಅಪ್‌ಗ್ರೇಡ್ ಸಿಗದಂತೆ ನಿಲ್ಲಿಸಿಡುವ ಪದ್ಧತಿ ಇಂದಿಗೂ ಇದೆ. ಆದುದರಿಂದ ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಬಂದ ಅಪ್‌ಗ್ರೇಡ್ ತಮ್ಮದಕ್ಕೆ ಬಂದಿಲ್ಲವೆಂದು ಪೆನ್‌ಡ್ರೈವ್‌ನಿಂದ ಬಲವಂತವಾಗಿ ಹಾಕಿಸಿಕೊಳ್ಳುವವರು ಆ ತಡೆಗೆ ಏನಾದರೂ ಕಾರಣವಿರಬಹುದೆಂದು ಮೊದಲು ವಿಚಾರಿಸುವುದು ಕ್ಷೇಮ.

ಇನ್ನೊಂದು ಪ್ರಕರಣ 2024ರ ಅಕ್ಟೋಬರ್‌ನಲ್ಲಿ ಬಂದ, ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿಯದು. ಬೆಲೆ ಕಡಿಮೆಯಾಗಲೆಂದು ಕೆಲವು ಎಸ್‌ಎಸ್‌ಡಿಗಳಲ್ಲಿ ಸ್ವಂತ ಸ್ಮರಣೆಯನ್ನು ಇಡದೆ, ಕಂಪ್ಯೂಟರಿನ ರ್‍ಯಾಮ್‌ನಲ್ಲಿಯೇ ಸ್ವಲ್ಪ ಭಾಗವನ್ನು ಎರವಲು ಪಡೆಯುವ ಏರ್ಪಾಡು ಇರುತ್ತದೆ. ಹಳೆಯ ಆವೃತ್ತಿಗಳು 64 ಎಂಬಿಯಷ್ಟನ್ನೇ ಹೀಗೆ ಕೊಡುತ್ತಿದ್ದರೆ, ಹೊಸ ಆವೃತ್ತಿ ಡಿಸ್ಕ್ ಕೇಳಿದ 200 ಎಂಬಿಯನ್ನೂ ಕೊಟ್ಟಿತು. ವೆಸ್ಟರ್ನ್ ಡಿಜಿಟಲ್‌ನ ಕೆಲವು 2 ಟಿಬಿ ಮಾದರಿಗಳು ಅದನ್ನು ನಿರ್ವಹಿಸಲಾರದೆ ಮತ್ತೆ ಮತ್ತೆ ನೀಲಿ ಪರದೆ ಬಂದಿತು. ಪರಿಹಾರ ಸಿಕ್ಕಿದ್ದು ಡಿಸ್ಕಿನ ಫರ್ಮ್‌ವೇರ್ ಅನ್ನು, ಅಂದರೆ ಡಿಸ್ಕಿನೊಳಗೇ ಇರುವ ನಿಯಂತ್ರಕ ತಂತ್ರಾಂಶವನ್ನು, ತಯಾರಕರೇ ನೀಡಿದ ಹೊಸ ಆವೃತ್ತಿಗೆ ಬದಲಿಸಿದ ಮೇಲೆ. ಅಂಥ ಡಿಸ್ಕನ್ನು ಹತ್ತು ಸಲ ಫಾರ್ಮ್ಯಾಟ್ ಮಾಡಿ ಅದೇ ಆವೃತ್ತಿಯನ್ನು ಹಾಕಿಸಿದ್ದರೂ, ಫರ್ಮ್‌ವೇರ್ ಹಳೆಯದೇ ಆಗಿರುವವರೆಗೆ, ಹನ್ನೊಂದನೆಯ ಸಲವೂ ಅದೇ ಪರದೆ ಬರುತ್ತಿತ್ತು.

2024ರ ಜುಲೈ 19ರ ಘಟನೆ ಅಪ್‌ಗ್ರೇಡಿನದಲ್ಲವಾದರೂ ಇಲ್ಲಿ ನೆನೆಯತಕ್ಕದ್ದು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶದ ಸದೋಷ ಅಪ್‌ಡೇಟ್ ಒಂದು ಒಳಸ್ತರದಲ್ಲಿ ಕೆಲಸ ಮಾಡುವ ಅದರ ಡ್ರೈವರನ್ನು ಕೆಡಿಸಿದ್ದರಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿದಂತೆ ಭಾರತದ ಅನೇಕ ನಿಲ್ದಾಣಗಳಲ್ಲಿ ಚೆಕ್‌ಇನ್ ಅಸ್ತವ್ಯಸ್ತಗೊಂಡಿತು. ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಪ್ರಯಾಣಿಕರಿಗೆ ಕೊಡಬೇಕಾಯಿತು. ಅಷ್ಟು ದೊಡ್ಡ ಅನಾಹುತಕ್ಕೆ ತಜ್ಞರು ಸೂಚಿಸಿದ ಪರಿಹಾರವೆಂದರೆ ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು, ದೋಷವಿದ್ದ ಒಂದೇ ಒಂದು ಕಡತವನ್ನು ಅಳಿಸುವುದು. ನೀಲಿ ಪರದೆಯ ಭೀಕರತೆಗೂ ಅದರ ಹಿಂದಿರುವ ದೋಷದ ಗಾತ್ರಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಆದ್ದರಿಂದ ಪರದೆ ಕಾಣಿಸಿದಾಗ ಮೊದಲು ಮಾಡಬೇಕಾದುದು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುವುದು. ಪರದೆಯ ಕೆಳಭಾಗದಲ್ಲಿ ಸ್ಟಾಪ್ ಕೋಡ್ ಎಂಬ ಶೀರ್ಷಿಕೆಯ ಮುಂದೆ ನಿಲುಗಡೆಯ ಕಾರಣವನ್ನು ಸೂಚಿಸುವ ಕೆಲವು ಇಂಗ್ಲಿಷ್ ಪದಗಳೂ, ಕೆಲವೊಮ್ಮೆ ಅದರ ಜೊತೆಗೆ ಕೆಟ್ಟ ಡ್ರೈವರಿನ ಕಡತದ ಹೆಸರೂ ಇರುತ್ತವೆ. 2025ರಿಂದ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ, ಮುಖ ಸಿಂಡರಿಸಿದ ಹಳೆಯ ಚಿಹ್ನೆಯೂ ಹೋಗಿದೆ. ಸ್ಟಾಪ್ ಕೋಡ್ ಮಾತ್ರ ಉಳಿದಿದೆ. ವಿಡಿಯೋ ಟಿಡಿಆರ್ ಫೇಲ್ಯೂರ್ ಎಂದಿದ್ದರೆ ಶಂಕೆ ಗ್ರಾಫಿಕ್ಸ್ ಡ್ರೈವರಿನ ಮೇಲೆ ಹೋಗಬೇಕು. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದಿದ್ದರೆ ವಿಂಡೋಸಿಗೆ ತಾನು ಇರುವ ಡಿಸ್ಕನ್ನೇ ತಲುಪಲಾಗುತ್ತಿಲ್ಲವೆಂದು ಅರ್ಥ. ಡಿಸ್ಕಿನ ಡ್ರೈವರ್ ಹೊಂದದಿರುವುದು, ಬಯೋಸ್ ಎಂಬ ಆರಂಭಿಕ ವ್ಯವಸ್ಥೆಯಲ್ಲಿ ಡಿಸ್ಕಿಗೆ ಸಂಬಂಧಿಸಿದ ಆಯ್ಕೆ ಬದಲಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಮೆಮರಿ ಮ್ಯಾನೇಜ್‌ಮೆಂಟ್ ಎಂಬುದು ಕೆಟ್ಟ ರ್‍ಯಾಮ್‌ನಿಂದಲೂ ಬರಬಹುದು, ಕೆಟ್ಟ ಡ್ರೈವರಿನಿಂದಲೂ ಬರಬಹುದಾದ್ದರಿಂದ, ವಿಂಡೋಸಿನಲ್ಲೇ ಇರುವ ಮೆಮರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆಯನ್ನು ನಡೆಸದೆ ತೀರ್ಮಾನಕ್ಕೆ ಬರಬಾರದು. ವ್ಹೀಯಾ ಅನ್‌ಕರೆಕ್ಟಬಲ್ ಎರರ್ ಮಾತ್ರ ಯಂತ್ರಾಂಶದ ಕಡೆಗೇ, ಅಂದರೆ ಪ್ರೊಸೆಸರಿನ ಬಿಸಿ, ವಿದ್ಯುತ್ ಪೂರೈಕೆ, ಡಿಸ್ಕ್ ಇವುಗಳ ಕಡೆಗೇ ಹೆಚ್ಚಾಗಿ ಬೆರಳು ತೋರಿಸುತ್ತದೆ.

ಎರಡನೆಯ ಕೆಲಸ ಕಡತಗಳನ್ನು ಕಾಪಾಡಿಕೊಳ್ಳುವುದು. ಇದರಲ್ಲಿ ಅವಸರವೂ ಬೇಡ, ಉದಾಸೀನವೂ ಬೇಡ. ಯಂತ್ರ ಲಾಗಿನ್ ಪರದೆಯವರೆಗೆ ಬಂದರೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಆಯ್ಕೆ ಮಾಡಿ, ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ ಹೋಗಬಹುದು. ಅತ್ಯಗತ್ಯವಾದ ಡ್ರೈವರ್‌ಗಳನ್ನಷ್ಟೇ ಇಟ್ಟುಕೊಂಡು ತೆರೆಯುವ ಈ ಸ್ಥಿತಿಯಲ್ಲಿ ಲ್ಯಾಪ್‌ಟಾಪ್ ನಿಲ್ಲದೆ ನಡೆದರೆ ಎರಡು ಲಾಭಗಳಿವೆ: ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು, ದೋಷ ಹೊರಗಿನಿಂದ ಬಂದ ಯಾವುದೋ ಡ್ರೈವರಿನಲ್ಲಿರುವ ಸಂಭವ ಹೆಚ್ಚೆಂದೂ ತಿಳಿಯಬಹುದು. ಈ ಹಂತದಲ್ಲಿ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕೇಳುವ ಪರದೆ ಬಂದು ಜನ ಗಾಬರಿಯಾಗುವುದುಂಟು. ಬಿಟ್‌ಲಾಕರ್ ಎಂದರೆ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಏರ್ಪಾಡು. ಅದರ ಕೀ 48 ಅಂಕೆಗಳಷ್ಟು ಉದ್ದವಿದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪನ್ನು ಸಿದ್ಧಪಡಿಸಿಕೊಂಡಿದ್ದರೆ ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ಇರುತ್ತದೆ. ಆ ಕೀ ಇಲ್ಲದಿದ್ದರೆ ಎಂಥ ತಜ್ಞನಿಂದಲೂ ಕಡತಗಳು ಮರಳಿ ದೊರೆಯಲಾರವು. ಆದುದರಿಂದ ಯಂತ್ರ ಚೆನ್ನಾಗಿರುವ ದಿನವೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಪ್ರತಿಯೊಬ್ಬರಲ್ಲೂ ಪ್ರಾರ್ಥನೆ.

ಕನ್ನಡದಲ್ಲಿ ಬರೆಯುವವರು ಈ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರವಹಿಸಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಹಸ್ತಪ್ರತಿಗಳು, ಪಠ್ಯಗಳು, ಸಂಘಸಂಸ್ಥೆಗಳ ನಡವಳಿ ಪುಸ್ತಕಗಳು ಇಂದಿಗೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿವೆ. ಅಂಥ ಕಡತಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳಲ್ಲಿ ಅಡಗಿರುವುದರಿಂದ, ಕಡತ ಉಳಿದು ಫಾಂಟ್ ಹೋದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಗೀಚುಗಳು ಮಾತ್ರ. ಡಾಕ್ಯುಮೆಂಟ್ಸ್ ಫೋಲ್ಡರನ್ನು ನಕಲು ಮಾಡಿದವರು ಫಾಂಟ್‌ಗಳನ್ನೂ ಜೊತೆಯಲ್ಲೇ ನಕಲು ಮಾಡಿಕೊಳ್ಳಬೇಕು. ಒಬ್ಬ ಲೇಖಕನ ಹತ್ತಾರು ವರ್ಷಗಳ ದುಡಿಮೆ ಒಂದು ಧ್ವನಿ ಡ್ರೈವರಿನ ದೋಷಕ್ಕೆ ಬಲಿಯಾಗಬೇಕಾಗಿಲ್ಲ.

ಇಷ್ಟಾದ ಮೇಲೆ ದುರಸ್ತಿಗೆ ಕೈಹಾಕಬಹುದು. ಅಪ್‌ಗ್ರೇಡ್ ಆಗಿ 10 ದಿನಗಳು ಕಳೆದಿಲ್ಲವಾದರೆ, ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿರುವ ಗೋ ಬ್ಯಾಕ್ ಆಯ್ಕೆಯಿಂದ ಕಡತಗಳನ್ನು ಕಳೆದುಕೊಳ್ಳದೆ ಹಳೆಯ ಆವೃತ್ತಿಗೆ ಮರಳಬಹುದು. ಹಳೆಯ ವ್ಯವಸ್ಥೆಯನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಕಾಯ್ದಿಟ್ಟಿರುವುದರಿಂದಲೇ ಇದು ಸಾಧ್ಯ. ಜಾಗ ಉಳಿಸಲೆಂದು ಅದನ್ನು ಅಳಿಸಿದವರಿಗೆ ಈ ದಾರಿ ಇರುವುದಿಲ್ಲ. ಮುಂದುವರಿಯುವುದೇ ಆದರೆ ಡ್ರೈವರ್‌ಗಳನ್ನು ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯ ಆಧಾರದಿಂದ ಅದರ ತಯಾರಕರ ತಾಣದಿಂದಲೇ ಪಡೆಯಬೇಕು. ಡ್ರೈವರ್‌ಗಳನ್ನೆಲ್ಲ ಒಂದೇ ಸಲ ಹೊಸದು ಮಾಡುವುದಾಗಿ ಆಶ್ವಾಸನೆ ಕೊಡುವ ಹೊರಗಿನ ತಂತ್ರಾಂಶಗಳು ಹೊಂದದ ಡ್ರೈವರನ್ನು ತಂದು ಕೂರಿಸುವ ಸಂಭವವಿರುವುದರಿಂದ ಅವುಗಳಿಂದ ದೂರವಿರುವುದು ಒಳ್ಳೆಯದು. ಹೊರಗಿನಿಂದ ಹಾಕಿಕೊಂಡ ಆಂಟಿವೈರಸ್ ಕೂಡ ಒಳಸ್ತರದಲ್ಲಿ ಕೆಲಸ ಮಾಡುವಂಥದ್ದೇ ಆದ್ದರಿಂದ, ಅದನ್ನು ಕೆಲಕಾಲ ತೆಗೆದು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಒಂದು ದಿನ ಕಾಯುವ ತಾಳ್ಮೆಯಿದ್ದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುತ್ತದೆ. ವಿಂಡೋಸಿನ ಸ್ವಂತ ಕಡತಗಳೇ ಕೆಟ್ಟಿರಬಹುದೆಂಬ ಶಂಕೆಯಿದ್ದರೆ, ಅವನ್ನು ಪರೀಕ್ಷಿಸಿ ಸರಿಪಡಿಸುವ ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಎಂಬ ಎರಡು ಆದೇಶಗಳು ಕಮಾಂಡ್ ಪ್ರಾಂಪ್ಟ್‌ನಲ್ಲಿವೆ. ಬಯೋಸ್ ಅಪ್‌ಡೇಟ್ ಮಾಡುವವರು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ಚಾರ್ಜರ್ ಜೋಡಿಸಿ, ಕರೆಂಟ್ ಹೋಗುವ ಸಂಭವವಿಲ್ಲದ ಹೊತ್ತಿನಲ್ಲಿ ಮಾಡಬೇಕು.

ಪ್ರತಿ ನಿಲುಗಡೆಯ ಹೊತ್ತಿನಲ್ಲಿಯೂ ವಿಂಡೋಸ್ ಸಾಮಾನ್ಯವಾಗಿ ಆ ಕ್ಷಣದ ಸ್ಥಿತಿಯನ್ನು ಮಿನಿಡಂಪ್ ಎಂಬ ಸಣ್ಣ ಕಡತದಲ್ಲಿ ದಾಖಲಿಸಿಡುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಅದೇ ಹೆಸರಿನ ಜಾಗದಲ್ಲಿರುವ ಈ ಕಡತಗಳನ್ನು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿನ್‌ಡಿಬಿಜಿ ಎಂಬ ಸಾಧನದಲ್ಲಿ ತೆರೆದರೆ, ತಪ್ಪಿದ ಡ್ರೈವರಿನ ಹೆಸರು ಅನೇಕ ಸಲ ಸಿಕ್ಕಿಬಿಡುತ್ತದೆ. ಫಾರ್ಮ್ಯಾಟ್ ಮಾಡಿದಾಗ ಈ ಸಾಕ್ಷ್ಯವೂ ಅಳಿಯುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಓದುವುದನ್ನು ಕಲಿಸಿ, ಸುತ್ತಲಿನ ಶಾಲೆಗಳ ಲ್ಯಾಪ್‌ಟಾಪ್‌ಗಳ ಮೇಲೆಯೇ ಅಭ್ಯಾಸ ಮಾಡಿಸಿದರೆ ಕಲಿಕೆಯೂ ಆದೀತು, ಊರಿಗೆ ಉಪಕಾರವೂ ಆದೀತು.

ಹಿರಿಯ ನಾಗರಿಕರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಿಜವಾದ ನಿಲುಗಡೆಯ ಪರದೆಯಲ್ಲಿ ಫೋನ್ ನಂಬರ್ ಇರುವುದಿಲ್ಲ, ಕರೆ ಮಾಡಿರೆಂಬ ಧ್ವನಿಯೂ ಕೇಳಿಸುವುದಿಲ್ಲ. ಹಾಗೆ ಬಂದರೆ ಅದು ಬ್ರೌಸರಿನಲ್ಲಿ ತೆರೆದುಕೊಂಡ ಮೋಸದ ಪುಟ. ಆ ನಂಬರಿಗೆ ಕರೆ ಮಾಡುವುದಾಗಲಿ, ದೂರದಿಂದ ಲ್ಯಾಪ್‌ಟಾಪನ್ನು ನಿಯಂತ್ರಿಸುವ ಆ್ಯಪ್ ಹಾಕಿಕೊಳ್ಳುವುದಾಗಲಿ ಸರ್ವಥಾ ಕೂಡದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಇಲ್ಲವೇ ಪ್ರೊಸೆಸರ್ ಹಳೆಯದಾದ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಲ್ಲುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಸಿಕೊಂಡರೆ ಅಂಥ ಯಂತ್ರಗಳಿಗೆ ತಯಾರಕರಿಂದ ಹೊಸ ಡ್ರೈವರ್‌ಗಳು ಸಿಗುವ ಭರವಸೆಯಿರದು. ಗೃಹಬಳಕೆದಾರರಿಗೆ ವಿಂಡೋಸ್ 10ರಲ್ಲಿಯೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಕೊಡುವ ವಿಸ್ತೃತ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಹಳೆಯ ಯಂತ್ರಗಳಲ್ಲಿಯೂ ನಡೆಯುವ ಲಿನಕ್ಸ್ ಇದ್ದೇ ಇದೆ.

ಕೊನೆಯದಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಲ್ಯಾಪ್‌ಟಾಪ್ ರಿಪೇರಿಯನ್ನು ಕಸುಬಾಗಿಸಿಕೊಂಡವರಲ್ಲಿ ಒಂದು ಕೋರಿಕೆ. ದಿನಕ್ಕೆ ಹಲವು ಯಂತ್ರಗಳನ್ನು ನೋಡಬೇಕಾದವರಿಗೆ ಡ್ರೈವರನ್ನು ಹುಡುಕಿ ತೆಗೆಯುವುದಕ್ಕಿಂತ ಫಾರ್ಮ್ಯಾಟ್ ಮಾಡುವುದು ಬೇಗ ಮುಗಿಯುವ ಕೆಲಸವೆಂಬುದು ನಿಜ, ಅವರ ಹೊತ್ತಿಗೂ ಬೆಲೆಯುಂಟು. ದೋಷವನ್ನು ಪತ್ತೆಹಚ್ಚಿದ್ದಕ್ಕೆ ಬೇರೆಯಾಗಿಯೇ ಶುಲ್ಕ ಕೇಳಲಿ, ಗಿರಾಕಿಗಳೂ ಅದನ್ನು ಚೌಕಾಸಿಯಿಲ್ಲದೆ ಕೊಡಲಿ. ಫಾರ್ಮ್ಯಾಟ್ ಅನಿವಾರ್ಯವಾದರೆ ಕಡತಗಳ ನಕಲು ಆಗಿದೆಯೇ ಎಂದು ಗಿರಾಕಿಯನ್ನು ಕೇಳಿ, ಒಪ್ಪಿಗೆ ಪಡೆದು ಮುಂದುವರಿಯಲಿ. ಯಂತ್ರವನ್ನು ಹಿಂದಿರುಗಿಸುವಾಗ ಕಾಣಿಸಿಕೊಂಡ ಸ್ಟಾಪ್ ಕೋಡ್ ಯಾವುದು, ಯಾವ ಡ್ರೈವರನ್ನು ಯಾವ ಆವೃತ್ತಿಗೆ ಬದಲಿಸಲಾಯಿತು ಎಂಬ ಎರಡು ಸಾಲುಗಳನ್ನು ಬಿಲ್ಲಿನ ಮೇಲೆಯೇ ಬರೆದುಕೊಡಲಿ.