ಚರ್ಚೆಯೇ ಪಾಠವಾದಾಗ

ಸಮೂಹ ಮಾಧ್ಯಮಗಳ ಪ್ರಭಾವಕ್ಕೆ ಒಳಗಾಗದ ಮನೆ ಇಂದು ಪ್ರಪಂಚದಲ್ಲಿ ಇಲ್ಲವೆಂದೇ ಹೇಳಬಹುದು. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ ನೆಲೆಸಿರುವ ನಮ್ಮಂಥವರ ಮೇಲಂತೂ ಆ ಪ್ರಭಾವ ಇಮ್ಮಡಿ. ಊರಿನಲ್ಲಿರುವವರು ಪತ್ರಿಕೆ ಹೇಳಿದ್ದನ್ನು ಸಂತೆಯಲ್ಲಿ, ಬಸ್ಸಿನಲ್ಲಿ, ನೆರೆಮನೆಯ ಜಗಲಿಯಲ್ಲಿ ಒರೆಗೆ ಹಚ್ಚಿ ನೋಡಬಲ್ಲರು. ನಮಗೆ ಆ ಸೌಲಭ್ಯವಿಲ್ಲ. ಪರದೆಯ ಮೇಲೆ ಕಂಡದ್ದು, ದೂರವಾಣಿಯಲ್ಲಿ ಕೇಳಿದ್ದು, ವಾಟ್ಸ್ಆ್ಯಪ್ ಬಳಗದಲ್ಲಿ ಹರಿದುಬಂದದ್ದು, ಇಷ್ಟೇ ನಮ್ಮ ಪಾಲಿನ ಕರ್ನಾಟಕ. ಆದ್ದರಿಂದ ಮಾಧ್ಯಮಗಳನ್ನು ಓದುವ ಬಗೆಯನ್ನು ಕಲಿಯುವುದು ಹೊರನಾಡ ಕನ್ನಡಿಗರ ಮೊದಲ ಅಗತ್ಯಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯ ನನ್ನಲ್ಲಿ ಬೇರೂರಿದ್ದು ಜರ್ಮನಿಯ ಮೈಂಟ್ಸ್ ನಗರದ ವಿಶ್ವವಿದ್ಯಾಲಯದಲ್ಲಿ. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಗೃಹಿಣಿಯಾದ ನಾನು ಅಲ್ಲಿ ಮಾಧ್ಯಮ ಅಧ್ಯಯನದ ಒಂದು ಸೆಮಿಸ್ಟರ್ ಪಾಠಕ್ಕೆ ಕುಳಿತೆ. ಇಲ್ಲಿಯ ವಿಶ್ವವಿದ್ಯಾಲಯಗಳಲ್ಲಿ 'ಗಾಸ್ಟ್‌ಹ್ಯೋರರ್' ಎಂಬ ಒಳ್ಳೆಯ ವ್ಯವಸ್ಥೆಯಿದೆ. ಶುಲ್ಕ ತೆತ್ತು, ಅಧ್ಯಾಪಕರ ಒಪ್ಪಿಗೆ ಪಡೆದು, ಯಾವ ವಯಸ್ಸಿನವರಾದರೂ ಅತಿಥಿ ವಿದ್ಯಾರ್ಥಿಗಳಾಗಿ ತರಗತಿಗೆ ಹೋಗಬಹುದು. ಪರೀಕ್ಷೆಯ ಭಯವಿಲ್ಲ, ಪದವಿಯ ಆಸೆಯೂ ಇಲ್ಲ. ಮಾಧ್ಯಮ ಕಲಿಯಲು ಮೈಂಟ್ಸ್‌ಗಿಂತ ತಕ್ಕ ಊರು ಅಪರೂಪ. 15ನೆಯ ಶತಮಾನದಲ್ಲಿ ಗುಟೆನ್‌ಬರ್ಗ್ ಬಿಡಿ ಅಚ್ಚುಮೊಳೆಗಳನ್ನು ಜೋಡಿಸಿ ಬೈಬಲ್ ಮುದ್ರಿಸಿದ್ದು ಇಲ್ಲಿಯೇ. 1963ರಲ್ಲಿ ಪ್ರಸಾರ ಆರಂಭಿಸಿದ ಜರ್ಮನಿಯ ಎರಡನೆಯ ಸಾರ್ವಜನಿಕ ದೂರದರ್ಶನ ವಾಹಿನಿಯ ಕೇಂದ್ರವೂ ಇದೇ ನಗರ.

ನಾವು ಬಿ.ಎ. ಓದುತ್ತಿದ್ದ ದಿನಗಳಲ್ಲಿ ಅಧ್ಯಾಪಕರು ಟಿಪ್ಪಣಿ ಬರೆಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು; ಪ್ರಶ್ನೆ ಎಂಬುದು ಪರೀಕ್ಷೆಯ ದಿನ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಇಲ್ಲಿಯೂ ಅಧ್ಯಾಪಕರು ಮಾತನಾಡಿ ವಿದ್ಯಾರ್ಥಿಗಳು ಆಲಿಸುವ ಉಪನ್ಯಾಸಗಳಿವೆ. ಆದರೆ ಸೆಮಿನಾರಿನ ರೀತಿಯೇ ಬೇರೆ. ಎಲ್ಲರೂ ಮೊದಲೇ ಮನೆಯಲ್ಲಿ ಓದಿಕೊಂಡು ಬರಬೇಕು. ಒಬ್ಬರು ಹತ್ತು ನಿಮಿಷ ವಿಷಯ ಮಂಡಿಸುತ್ತಾರೆ, ಉಳಿದ ಹೊತ್ತೆಲ್ಲ ಮೇಜಿನ ಸುತ್ತ ಕುಳಿತವರ ಮಾತು. ನಮ್ಮ ಅಧ್ಯಾಪಕಿ ಒಂದು ಕಟ್ಟಳೆ ಹಾಕಿದ್ದರು: ಒಬ್ಬರ ಅಭಿಪ್ರಾಯವನ್ನು ವಿರೋಧಿಸುವ ಮುನ್ನ ಅದನ್ನು ಅವರೇ ಒಪ್ಪುವಂತೆ ತಮ್ಮ ಮಾತಿನಲ್ಲಿ ಹೇಳಿ ತೋರಿಸಬೇಕು. ಎಷ್ಟೋ ವಿರೋಧಗಳು ಆ ಮೆಟ್ಟಿಲಲ್ಲೇ ಕರಗಿ ಹೋಗುತ್ತಿದ್ದವು. ಉಳಿದವು ನಿಜವಾದ ಭಿನ್ನಾಭಿಪ್ರಾಯಗಳು. ಅವುಗಳಿಂದಲೇ ನಾವು ಕಲಿತೆವು.

ಚರ್ಚೆಗೆ ಬಂದ ವಿಷಯಗಳು ಒಂದೆರಡಲ್ಲ. ಚಾನ್ಸಲರ್ ಅಡೆನವರ್ ಅವರ ಸರಕಾರ ತನ್ನದೇ ದೂರದರ್ಶನ ಸಂಸ್ಥೆ ಸ್ಥಾಪಿಸಲು ಹೊರಟಾಗ, 1961ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ತಡೆಯಿತು. ಮರುವರ್ಷ 'ಡೆರ್ ಷ್ಪೀಗೆಲ್' ವಾರಪತ್ರಿಕೆ ಸೇನೆಯ ಸಿದ್ಧತೆಯ ಕುರಿತು ಬರೆದ ಲೇಖನಕ್ಕಾಗಿ ಪೊಲೀಸರು ಕಚೇರಿಗೆ ನುಗ್ಗಿದರು. ಪ್ರಕಾಶಕ ರುಡಾಲ್ಫ್ ಔಗ್‌ಸ್ಟೈನ್ 103 ದಿನ ಸೆರೆಯಲ್ಲಿದ್ದರು. ಜನ ಬೀದಿಗಿಳಿದರು, ರಕ್ಷಣಾ ಸಚಿವ ಷ್ಟ್ರೌಸ್ ಪದವಿ ಕಳೆದುಕೊಂಡರು. ನನ್ನ ಸರದಿ ಬಂದಾಗ ನಾನು ನಮ್ಮ 1975ರ ತುರ್ತು ಪರಿಸ್ಥಿತಿಯ ಕಥೆ ಹೇಳಿದೆ. ಸೆನ್ಸಾರ್‌ಗೆ ಪ್ರತಿಭಟನೆಯಾಗಿ 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತೆಂದಾಗ, ಇಪ್ಪತ್ತರ ಹರೆಯದ ಸಹಪಾಠಿಗಳು ಬೆರಗಾದರು. ಬರೆಯದ ಜಾಗವೂ ಮಾತನಾಡಬಲ್ಲದು ಎಂಬುದರ ಮೇಲೆ ಅಂದು ಒಂದು ಗಂಟೆ ಚರ್ಚೆ ನಡೆಯಿತು.

ನನ್ನ ಮನಸ್ಸನ್ನು ಅತ್ಯಂತ ಕಲಕಿದ್ದು ಎಲಿಜಬೆತ್ ನೊಯೆಲ್-ನಾಯ್ಮನ್ ಅವರ 'ಮೌನದ ಸುರುಳಿ' ಎಂಬ ಸಿದ್ಧಾಂತ. ಇದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಆಕೆ 1980ರಲ್ಲಿ ಅದನ್ನು ಪುಸ್ತಕರೂಪದಲ್ಲಿ ವಿವರಿಸಿದರು. ತನ್ನ ಅಭಿಪ್ರಾಯ ಅಲ್ಪಸಂಖ್ಯಾತರದ್ದೆಂದು ತೋರಿದಾಗ, ಒಂಟಿಯಾಗುವ ಭಯದಿಂದ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಮೌನದಿಂದ ಎದುರು ಪಕ್ಷ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದನ್ನು ಕಂಡು ಮತ್ತಷ್ಟು ಜನ ಮೌನವಾಗುತ್ತಾರೆ. ಆಕೆ ನಾತ್ಸಿ ಕಾಲದಲ್ಲಿ 'ದಾಸ್ ರೈಷ್' ಎಂಬ ವಾರಪತ್ರಿಕೆಗೆ ಬರೆದಿದ್ದವರೆಂಬುದನ್ನೂ ತರಗತಿ ಮುಚ್ಚಿಡಲಿಲ್ಲ. ಆ ಹಿನ್ನೆಲೆ ಸಿದ್ಧಾಂತದ ಮೌಲ್ಯವನ್ನು ಕುಂದಿಸುತ್ತದೆಯೇ, ಇಲ್ಲವೇ ಎಂಬುದು ನಮ್ಮ ಬಿಸಿಯಾದ ವಾದಗಳಲ್ಲೊಂದು.

ಈ ಸುರುಳಿಯನ್ನು ನಮ್ಮ ಕನ್ನಡ ಬಳಗಗಳಲ್ಲಿ ಕಾಣದವರಾರು? ಚುನಾವಣೆಯೋ, ನೀರಿನ ವಿವಾದವೋ, ಧರ್ಮದ ಪ್ರಶ್ನೆಯೋ ಎದ್ದಾಗ ನಾಲ್ವರು ಗಟ್ಟಿಯಾಗಿ ಬರೆಯುತ್ತಾರೆ, ನಲವತ್ತು ಜನ ಸುಮ್ಮನಾಗುತ್ತಾರೆ. ಆ ನಲವತ್ತರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಇಲ್ಲಿಯೇ ಬೆಳೆದ ಮಕ್ಕಳು. ಬಳಗದ ಅಭಿಪ್ರಾಯವೆಂದು ಹೊರಗೆ ಕೇಳುವುದು ನಾಲ್ವರ ಅಭಿಪ್ರಾಯ. ಕ್ರಮೇಣ ಸುಮ್ಮನಾದವರು ಸಂಘದ ಸಭೆಗೂ ಬಾರದಾಗುತ್ತಾರೆ.

ಚರ್ಚೆಯಿಂದ ಜಗಳವೇ ಹೆಚ್ಚು, ತಿಳಿದವರ ಉಪನ್ಯಾಸದಿಂದ ಜ್ಞಾನವಾದರೂ ದೊರೆಯುತ್ತದೆ ಎಂದು ಹಿರಿಯರು ಹೇಳುವುದುಂಟು. ಅದರಲ್ಲಿ ಸತ್ಯವಿದೆ, ಓದಿಕೊಳ್ಳದೆ ಆಡುವ ಮಾತು ಹರಟೆಯಾದೀತು. ಆದರೆ ಸೆಮಿನಾರಿನಲ್ಲಿ ಓದು ಮೊದಲು, ಮಾತು ಆಮೇಲೆ. ಅಲ್ಲದೆ ಚರ್ಚೆ ನಮಗೆ ಹೊರಗಿನ ಸರಕೂ ಅಲ್ಲ. ಕಲ್ಯಾಣದ ಅನುಭವ ಮಂಟಪದ ನೆನಪನ್ನು ಪೋಷಿಸಿಕೊಂಡು ಬಂದವರು ನಾವು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಗೆ ಕಠಿಣ ಪ್ರಶ್ನೆಗಳನ್ನೊಡ್ಡುತ್ತಾನೆ, ಆಕೆ ಒಂದೊಂದಕ್ಕೂ ನಿಂತು ಉತ್ತರಿಸುತ್ತಾಳೆ. ಹೆಣ್ಣೊಬ್ಬಳ ಮಾತಿಗೆ ಸಭೆಯೇ ಕಿವಿಗೊಟ್ಟ ಆ ಪ್ರಸಂಗ ನಮ್ಮ ಪರಂಪರೆಯ ಹೆಮ್ಮೆ.

ಜರ್ಮನಿಗೂ ಕನ್ನಡ ಪತ್ರಿಕೆಗೂ ಇರುವ ನಂಟನ್ನೂ ಇಲ್ಲಿ ನೆನೆಯಬೇಕು. ವ್ಯೂರ್ಟೆಂಬರ್ಗಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು ಈ ನಾಡಿನವರು. ನಮ್ಮ ಸುದ್ದಿಯನ್ನು ನಮಗೆ ಯಾರು, ಯಾವ ಉದ್ದೇಶದಿಂದ, ಯಾರ ಹಣದಿಂದ ಹೇಳುತ್ತಾರೆ ಎಂಬ ಪ್ರಶ್ನೆ ಕನ್ನಡ ಪತ್ರಿಕೋದ್ಯಮದಷ್ಟೇ ಹಳೆಯದು.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳೇ, ನಮ್ಮ ಸಮ್ಮೇಳನಗಳಲ್ಲಿ ವೇದಿಕೆಗೆ ಕೊರತೆಯಿಲ್ಲ. ಭಾಷಣ, ಸನ್ಮಾನ, ಸಂಗೀತ, ನೃತ್ಯ ಎಲ್ಲವೂ ಇವೆ, ಇರಲಿ. ಅವುಗಳ ನಡುವೆ ವೇದಿಕೆಯಿಲ್ಲದ ಒಂದು ಕೋಣೆಗೂ ಜಾಗ ದೊರೆಯಲಿ. ಇಪ್ಪತ್ತು ಕುರ್ಚಿಗಳು, ಒಂದೇ ಸುದ್ದಿಯನ್ನು ಎರಡು ಕನ್ನಡ ಪತ್ರಿಕೆಗಳು ಬರೆದ ಬಗೆ, ಎರಡು ಗಂಟೆಯ ಕಾಲ. ಕನ್ನಡ ಮಾತನಾಡಬಲ್ಲ, ಆದರೆ ಓದಲಾರದ ಮಕ್ಕಳಿಗೆ ಹಿರಿಯರು ಓದಿ ಹೇಳಲಿ; ಸುದ್ದಿಯಲ್ಲಿ ಯಾರ ಮಾತು ಕೇಳಿಸುತ್ತಿಲ್ಲ ಎಂಬುದನ್ನು ಮಕ್ಕಳು ಹಿರಿಯರಿಗೆ ತೋರಿಸಲಿ. ಊರಿಗೆ ಮರಳಿದ ಮೇಲೆ ಒಂದೊಂದು ಸಂಘವೂ ತಿಂಗಳಿಗೊಮ್ಮೆ ಇದನ್ನು ಮುಂದುವರಿಸಬಹುದು. ಹೆಚ್ಚಿನ ಖರ್ಚಿಲ್ಲ, ಬೇಕಾದದ್ದು ಓದಿಕೊಂಡು ಬರುವ ಶಿಸ್ತು ಮತ್ತು ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ. ಸುಮ್ಮನಾದ ಆ ನಲವತ್ತು ಜನ ಮತ್ತೆ ಬಾಯಿ ತೆರೆದರೆ, ಕನ್ನಡ ನಮ್ಮ ಮನೆಗಳಲ್ಲಿ ಹಬ್ಬದ ಭಾಷೆಯಾಗಿ ಮಾತ್ರ ಉಳಿಯದೆ ಆಲೋಚನೆಯ ಭಾಷೆಯಾಗಿಯೂ ಬಾಳೀತು.