ನೆಲದ ಬೆಲೆಯೂ ಕೊಳ್ಳುವವನ ಅಗತ್ಯವೂ

ನೆಲವನ್ನು ಕೊಂಡವನು ಕೆಡಲಾರನೆಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆನಿಂತ ನಂಬಿಕೆ. ಚಿನ್ನ ಕಳುವಾಗಬಹುದು, ಬ್ಯಾಂಕು ಮುಳುಗಬಹುದು, ನೆಲವೆಲ್ಲಿಗೆ ಹೋದೀತು ಎಂಬುದು ಅದರ ಹಿಂದಿನ ವಾದ. ನೆಲ ಎಲ್ಲಿಗೂ ಹೋಗುವುದಿಲ್ಲವೆಂಬುದೇನೋ ನಿಜ. ಆದರೆ ಅದರ ಹಕ್ಕು ಹೋಗಬಹುದು, ಅದರ ನೀರು ಹೋಗಬಹುದು, ಅದಕ್ಕೆ ಸಾಲಮಾಡಿ ಹಣ ತೆತ್ತವನ ನೆಮ್ಮದಿ ಹೋಗಬಹುದು. ಆದಕಾರಣ ‘ಒಳ್ಳೆಯ ವ್ಯಾಪಾರ’ ಎಂದು ಯಾರಾದರೂ ಹೇಳಿದಾಗ, ಯಾರಿಗೆ ಒಳ್ಳೆಯದು, ಎಷ್ಟು ಕಾಲಕ್ಕೆ ಒಳ್ಳೆಯದು ಎಂದು ಕೇಳಿ ನೋಡುವುದು ವಿವೇಕ.

ಈ ಪ್ರಶ್ನೆಗೆ ಇಂದು ಕೋಲಾರ ಜಿಲ್ಲೆಗಿಂತ ತಕ್ಕ ಪರೀಕ್ಷಾಕ್ಷೇತ್ರ ಬೇರೆ ಸಿಗುವುದು ಕಷ್ಟ. ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲೂ, ಮಾಸ್ತಿಯವರ ಮಾಲೂರು ಸೀಮೆಯೂ ಸಾಹಿತ್ಯಾಭಿಮಾನಿಗಳಿಗೆ ಹಳೆಯ ಪರಿಚಯದ ಹೆಸರುಗಳು. ಈಗ ಅವೇ ಹೆಸರುಗಳು ನಿವೇಶನಗಳ ಜಾಹೀರಾತುಗಳಲ್ಲಿ ರಾರಾಜಿಸುತ್ತಿವೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಜಿಲ್ಲೆಯಲ್ಲಿ ಈಗ ನೆಲದ ಮೇಲ್ಮೈಯೇ ಗಣಿಯಾಗಿದೆ.

ಬೆಲೆ ಏರಿದುದಕ್ಕೆ ಕಾರಣಗಳು ಗುಟ್ಟಿನವಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ 2013ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಯ ವಿಸ್ಟ್ರಾನ್ ಸಂಸ್ಥೆಯ ಫೋನು ತಯಾರಿಕೆಯ ಕಾರ್ಖಾನೆ 2023ರಲ್ಲಿ ಟಾಟಾ ಸಂಸ್ಥೆಯ ವಶಕ್ಕೆ ಬಂದಿತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 71 ಕಿಲೋಮೀಟರ್ ಭಾಗ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಇವೆಲ್ಲಕ್ಕೂ ಮೇಲಾಗಿ, 1961ರ ಭೂಸುಧಾರಣಾ ಕಾಯಿದೆಯಲ್ಲಿ ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಬಾಗಿಲು ತೆರೆಯಿತು, ಹಣವುಳ್ಳವರು ಒಳಬಂದರು.

ಒಳಬಂದವರೆಲ್ಲರೂ ಒಂದೇ ಬಗೆಯವರಲ್ಲ. ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ನಾಲ್ಕು ಬಗೆಯ ಗಿರಾಕಿಗಳು ಕಾಣುತ್ತಾರೆ.

ಮೊದಲನೆಯವನು ಮನೆ ಕಟ್ಟಲು ಹಂಬಲಿಸುವ ಸಂಬಳಗಾರ. ಅವನಿಗೆ ಮಾಲೂರು ಪ್ರಿಯ. ಹಂಚಿಗೂ ಇಟ್ಟಿಗೆಗೂ ಹೆಸರಾದ ಆ ಊರಿನಿಂದ ಬೆಂಗಳೂರಿಗೆ ರೈಲಿದೆ. ದಿನವೂ ಹೋಗಿಬರುವ ನೌಕರರಿದ್ದಾರೆ. ಅಲ್ಲಿ ನಿವೇಶನ ಕೊಳ್ಳುವ ಉಪಾಧ್ಯಾಯರೊಬ್ಬರ ಲೆಕ್ಕವನ್ನು ಊಹಿಸಿ ನೋಡೋಣ. ಅವರು ಮೂರು ವರ್ಷದೊಳಗೆ ಮನೆ ಕಟ್ಟಿ ವಾಸಮಾಡುವುದಾದರೆ ಬಾಡಿಗೆ ಉಳಿಯಿತು, ಮಕ್ಕಳಿಗೆ ಒಂದು ಸೂರಾಯಿತು. ಬೆಲೆ ಏರಲಿ ಇಳಿಯಲಿ, ಅವರ ವ್ಯಾಪಾರ ಒಳ್ಳೆಯದೇ. ಆದರೆ ‘ಇರಲಿ, ಮುಂದೆ ಬೆಲೆ ಬಂದೀತು’ ಎಂದು ಶೇಕಡ 9ರ ಬಡ್ಡಿಗೆ ಸಾಲಮಾಡಿ ಹತ್ತು ಲಕ್ಷಕ್ಕೆ ಕೊಂಡು ಬರಿದೆ ಬಿಟ್ಟರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಅದು ಇಪ್ಪತ್ತು ಲಕ್ಷವಾದಾಗಲೇ ಅಸಲು ಕೈಗೆ ಬಂದಂತೆ. ಅದರ ಮೇಲೆ ಮುದ್ರಾಂಕ ಶುಲ್ಕ ನೂರಕ್ಕೆ ಐದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡಕ್ಕೇರಿದೆ. ಮೇಲ್ತೆರಿಗೆಗಳನ್ನು ಸೇರಿಸಿದರೆ ನೂರಕ್ಕೆ ಏಳೂವರೆಯೂ ಮೀರುತ್ತದೆ. ನೆರೆಯವನು ‘ಕೊಂಡದ್ದು ಹತ್ತಕ್ಕೆ, ಈಗ ಹದಿನೆಂಟು’ ಎಂದು ಹಿಗ್ಗುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಅಳತೆಯ ಒಂದು ವಿಚಿತ್ರವನ್ನೂ ಗಮನಿಸಬೇಕು. ರೈತ ಮಾರುವುದು ಎಕರೆಯಲ್ಲಿ, ಗುಂಟೆಯಲ್ಲಿ. ಉಪಾಧ್ಯಾಯರು ಕೊಳ್ಳುವುದು ಚದರಡಿಯಲ್ಲಿ. ಎಕರೆಗೆ 43,560 ಚದರಡಿ. ರಸ್ತೆಗೂ ಉದ್ಯಾನಕ್ಕೂ ಬಿಟ್ಟು ಅರ್ಧಕ್ಕಿಂತ ತುಸು ಹೆಚ್ಚು ಉಳಿಯಿತೆಂದರೂ ಮೂವತ್ತು–ನಲವತ್ತರ ನಿವೇಶನಗಳು ಸುಮಾರು ಇಪ್ಪತ್ತಾಗುತ್ತವೆ. ಉದಾಹರಣೆಗೆಂದು ರೈತನಿಗೆ ಎಕರೆಗೆ ಒಂದು ಕೋಟಿ ಸಿಕ್ಕಿತೆನ್ನೋಣ. ಅದು ಚದರಡಿಗೆ ಇನ್ನೂರಮೂವತ್ತು ರೂಪಾಯಿ. ಅದೇ ನೆಲ ಚದರಡಿಗೆ ಸಾವಿರದೈನೂರರಂತೆ ಮಾರಾಟವಾದರೆ ಮೂರು ಕೋಟಿ ಅರವತ್ತು ಲಕ್ಷ. ನಡುವಿನ ಮೊತ್ತದಲ್ಲಿ ರಸ್ತೆ, ಚರಂಡಿ, ವಿದ್ಯುತ್ತು, ಭೂಪರಿವರ್ತನೆಯ ಖರ್ಚು ನ್ಯಾಯವಾಗಿಯೇ ಇದೆ. ಉಳಿದದ್ದು ಕಾಗದಪತ್ರ ಬಲ್ಲವನಿಗೆ ಬಲ್ಲದವರು ತೆರುವ ಕಪ್ಪ. ಆ ಖರ್ಚನ್ನು ಮಾಡದೆ ಹೊಲವನ್ನೇ ತುಂಡುಹಾಕಿ ಮಾರುವ ‘ರೆವಿನ್ಯೂ ನಿವೇಶನ’ ಅಗ್ಗವಾಗಿ ಕಾಣುವುದೂ ಇದೇ ಕಾರಣಕ್ಕೆ. ಮಾರುವವನು ಮಾಡದೆ ಬಿಟ್ಟ ಖರ್ಚು ಮುಂದೊಂದು ದಿನ ಕೊಂಡವನ ತಲೆಯ ಮೇಲೆ ಬೀಳುತ್ತದೆ.

ಎರಡನೆಯವನು ನಗರದಲ್ಲಿ ದುಡಿದು ತೋಟದ ಕನಸು ಕಾಣುವವನು. ಅವನು ಮುಳಬಾಗಿಲಿನ ಕಡೆಗೆ ಹೊರಳುತ್ತಾನೆ. ಆವನಿಯ ಬಂಡೆ, ಕುರುಡುಮಲೆಯ ಗಣಪತಿ, ಹೆದ್ದಾರಿಯ ಬದಿಯ ದೋಸೆ, ಎಲ್ಲವೂ ಮನಸ್ಸನ್ನು ಸೆಳೆಯುವಂಥವೇ. ಆದರೆ ಇದು ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ. ಪೂರ್ವಿಕರು ಅದಕ್ಕಾಗಿಯೇ ಸಾವಿರಾರು ಕೆರೆಗಳನ್ನು ಕಟ್ಟಿದರು. ನಾವು ಕೆರೆಯ ಹೂಳನ್ನು ಮರೆತು ಸಾವಿರ ಅಡಿ, ಸಾವಿರದೈನೂರು ಅಡಿ ಕೊಳವೆಬಾವಿ ಕೊರೆದೆವು. ನೀರಿನ ಜೊತೆಗೆ ಫ್ಲೋರೈಡೂ ಮೇಲೆ ಬಂತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತ ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡ ಊರುಗಳಿವೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಹೋರಾಡುವವರೂ ಇದ್ದಾರೆ. ಆದ್ದರಿಂದ ತೋಟ ಕೊಳ್ಳುವವನು ನೋಟಕ್ಕೆ ಮರುಳಾಗದೆ ಮೂರು ಮಾತು ಕೇಳಬೇಕು: ಯಾವ ಕೆರೆಯ ಅಚ್ಚುಕಟ್ಟು, ಸುತ್ತಲಿನ ಬಾವಿಗಳು ಬೇಸಗೆಯಲ್ಲಿ ಎಷ್ಟು ಹೊತ್ತು ನೀರು ಕೊಡುತ್ತವೆ, ಆ ನೀರನ್ನು ಪರೀಕ್ಷಿಸಿದವರುಂಟೆ? ಇದನ್ನು ಕೇಳಲು ಚೈತ್ರ–ವೈಶಾಖದ ಬಿಸಿಲೇ ತಕ್ಕ ಮುಹೂರ್ತ. ಮಳೆಗಾಲದಲ್ಲಿ ನೋಡಿದರೆ ಎಲ್ಲ ಹೊಲವೂ ಹಸಿರೇ.

ಮೂರನೆಯವನು ನಿಜವಾದ ಬೇಸಾಯಗಾರ. ಶ್ರೀನಿವಾಸಪುರದ ಮಾವಿನ ತೋಪನ್ನೋ ಅದರ ಪಕ್ಕದ ಹೊಲವನ್ನೋ ಕೊಳ್ಳುವವನು. ಇವನಿಗೆ ಒಳ್ಳೆಯ ವ್ಯಾಪಾರವೆಂದರೆ ತನ್ನ ಹಳೆಯ ಜಮೀನಿಗೆ ಹೊಂದಿಕೊಂಡ ನೆಲ. ಅದೇ ಎತ್ತು, ಅದೇ ಟ್ರ್ಯಾಕ್ಟರು, ಅದೇ ಕಾವಲು ಎರಡಕ್ಕೂ ಸಾಕು. ಅದೇ ತುಂಡು ಬೇರೊಬ್ಬನಿಗೆ ದುಬಾರಿ, ಇವನಿಗೆ ಅಗ್ಗ. ಆದರೆ ಇವನು ಬೆಳೆಯ ಲೆಕ್ಕದಿಂದಲೇ ಬೆಲೆ ಕಟ್ಟಬೇಕಾದವನು. ಮಾವು ಒಂದು ವರ್ಷ ತುಂಬಿ ಮರುವರ್ಷ ಮುನಿಯುವ ಮರ. ಫಸಲು ಬಂದರೂ ಪೇಟೆ ಬೇಕು. 2025ರ ಜೂನ್ ತಿಂಗಳಿನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ತನ್ನ ಗಡಿಯೊಳಗೆ ಬಾರದಂತೆ ತಡೆದಾಗ, ಅಲ್ಲಿಯ ತಿರುಳಿನ ಕಾರ್ಖಾನೆಗಳನ್ನೇ ನೆಚ್ಚಿದ್ದ ಈ ಸೀಮೆಯ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಬೆಲೆಯ ಕೊರತೆ ತುಂಬಿಕೊಡುವ ಮಾತಿಗೆ ಒಪ್ಪಿತು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಒಂದು ತಿಂಗಳು ಬಂಗಾರವಾಗಿ ಮರುತಿಂಗಳು ಬೀದಿಯ ಕಸವಾಗುವುದನ್ನು ಕಾಣದವರಿಲ್ಲ. ಬಂಗಾರದ ತಿಂಗಳ ಬೆಲೆಯನ್ನು ನೆನೆದು ಹೊಲ ಕೊಳ್ಳುವವನು ಕಸದ ತಿಂಗಳಿನಲ್ಲಿ ಕಂತು ಕಟ್ಟಬೇಕಾಗುತ್ತದೆ.

ಶ್ರೀನಿವಾಸಪುರ ಇನ್ನೊಂದು ಪಾಠವನ್ನೂ ಹೇಳಿದೆ. 2023ರಲ್ಲಿ ಅರಣ್ಯ ಇಲಾಖೆ ತನ್ನದೆಂದ ಒತ್ತುವರಿ ಭೂಮಿಯನ್ನು ತೆರವು ಮಾಡಿಸಿದಾಗ, ಫಲಬಿಡುತ್ತಿದ್ದ ಮಾವಿನ ಮರಗಳೂ ಉರುಳಿದವು. ಇಲಾಖೆಯ ವಾದ, ರೈತರ ವಾದ ಏನೇ ಇರಲಿ, ಮರ ಎಷ್ಟು ಹಳೆಯದಾದರೂ ಅದು ಹಕ್ಕುಪತ್ರವಾಗದೆಂಬ ಕಹಿ ಸತ್ಯ ಅಂದು ಎಲ್ಲರ ಕಣ್ಣೆದುರು ನಿಂತಿತು.

ನಾಲ್ಕನೆಯವನು ಬೆಲೆಯ ಏರಿಕೆಗಾಗಿಯೇ ಕೊಳ್ಳುವವನು. ನರಸಾಪುರ, ವೇಮಗಲ್ ಸುತ್ತಿನ ಕೋಲಾರ ತಾಲ್ಲೂಕು ಅವನ ಬೇಟೆಯ ಬಯಲು. ಅವನನ್ನು ಸುಮ್ಮನೆ ನಿಂದಿಸಿ ಫಲವಿಲ್ಲ. ಹಣ ಹೂಡುವವನಿಲ್ಲದೆ ಊರು ಬೆಳೆಯುವುದೂ ಇಲ್ಲ. ಆದರೆ ಅವನ ಲೆಕ್ಕದಲ್ಲಿಯೂ ಭ್ರಮೆಗಳುಂಟು. ಎಕ್ಸ್‌ಪ್ರೆಸ್ ಹೆದ್ದಾರಿಯ ಅಂಚಿನ ಹೊಲವನ್ನು ಕೊಂಡು ಭಾಗ್ಯ ಕೂಡಿತೆಂದು ತಿಳಿಯುವವರುಂಟು. ಆ ಹೆದ್ದಾರಿಗೆ ಗೊತ್ತಾದ ಕಡೆಯಲ್ಲಲ್ಲದೆ ಬೇರೆಲ್ಲಿಯೂ ಪ್ರವೇಶವಿಲ್ಲ. ಅದು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಹತ್ತು ಮಾರು ದೂರದ ಹೊಲದಿಂದ ಅದನ್ನು ಸೇರಲು ಹತ್ತು ಮೈಲಿ ಸುತ್ತಬೇಕಾದೀತು. ಸರ್ಕಾರ ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಗುರುತು ಹಾಕಿದ ನೆಲವಾದರೆ, ಕನಸಿನ ಬೆಲೆಗೆ ಬದಲು ಪರಿಹಾರದ ಬೆಲೆ ಕೈಸೇರುತ್ತದೆ. ಕಾಯುವ ಶಕ್ತಿಯುಳ್ಳವನಿಗೆ ಮಾತ್ರ ಈ ಆಟ. ಮಗಳ ಮದುವೆಯ ಹಣವನ್ನು ಇದರಲ್ಲಿ ಹೂಡಿದವನಿಗೆ ಲಾಭ ಬರಬಹುದು, ಮದುವೆಯ ಹೊತ್ತಿಗೆ ಬರಲಾರದು.

ಈ ನಾಲ್ವರಿಗೂ ಸಮಾನವಾದ ಸಂಗತಿಯೊಂದಿದೆ: ಹಕ್ಕು. ಪಹಣಿಯಲ್ಲಿ ಹೆಸರಿದೆ ಎಂಬುದು ಆರಂಭ ಮಾತ್ರ. ಆಕಾರ್‌ಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆಯಾಗಬೇಕು, ಪೋಡಿಯಾಗಿರಬೇಕು, ಖರಾಬು ಎಷ್ಟು, ರಾಜಕಾಲುವೆ ಎಲ್ಲಿ ಎಂದು ತಿಳಿದಿರಬೇಕು, ಋಣಭಾರ ಪತ್ರವನ್ನು ಹಲವು ದಶಕಗಳಿಗೆ ತೆಗೆಸಿ ನೋಡಬೇಕು. ಮೈಸೂರು ಸೀಮೆಯ ಇನಾಮು ಜಮೀನುಗಳ ಚರಿತ್ರೆ 1954ರ ಇನಾಮು ರದ್ದಿಯಾತಿ ಕಾಯಿದೆಯವರೆಗೆ ಹಿಂದಕ್ಕೆ ಹೋಗುತ್ತದೆ. ಪರಿಶಿಷ್ಟರ ಸಂಖ್ಯೆ ಹೆಚ್ಚಾಗಿರುವ ಈ ಜಿಲ್ಲೆಯಲ್ಲಿ ಅವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳು ಬಹಳ. ಅವನ್ನು ಸರ್ಕಾರದ ಮುನ್ನೊಪ್ಪಿಗೆಯಿಲ್ಲದೆ ಮಾರಿದರೆ ಆ ಮಾರಾಟ ಊರ್ಜಿತವಲ್ಲವೆಂದು 1978ರ ಕಾಯಿದೆ ಹೇಳುತ್ತದೆ. ತಡವಾಯಿತೆಂಬ ಕಾರಣದಿಂದ ಆ ಹಕ್ಕು ಕಳೆದುಹೋಗಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ಅಂಥ ನೆಲವನ್ನು ಅರ್ಧ ಬೆಲೆಗೆ ಕೊಂಡೆನೆಂದು ಹಿಗ್ಗುವವನು ಕೊಂಡದ್ದು ನೆಲವನ್ನಲ್ಲ, ವ್ಯಾಜ್ಯವನ್ನು.

ಹೆಣ್ಣುಮಕ್ಕಳ ಹಕ್ಕು ಇನ್ನೊಂದು. ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಮಗನಿಗೆ ಸಮಾನಳಾದ ದಾಯಾದಿಯೆಂದು 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ಎತ್ತಿಹಿಡಿಯಿತು. ಆದರೂ ಉಪನೋಂದಣಿ ಕಚೇರಿಯ ಜಗಲಿಯಲ್ಲಿ ಇಂದಿಗೂ ಕಾಣುವ ದೃಶ್ಯವೇನು? ಅಣ್ಣತಮ್ಮಂದಿರು ಬೆಲೆ ಮಾತಾಡಿ ಮುಗಿಸಿರುತ್ತಾರೆ. ಅಕ್ಕತಂಗಿಯರನ್ನು ‘ಒಂದು ಸಹಿ ಹಾಕಿ ಹೋಗಮ್ಮ’ ಎಂದು ಕರೆಸಿರುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಳುಕಿನಿಂದ ಆಕೆ ಬೆರಳೊತ್ತುತ್ತಾಳೆ. ಕೊಳ್ಳುವವನು ಕಾಗದ ಸರಿಯಾಯಿತೆಂದು ನಿಟ್ಟುಸಿರು ಬಿಡುತ್ತಾನೆ. ಕಾಗದ ಸರಿಯಾದದ್ದು ಹೌದು. ಆಕೆಗೆ ಪಾಲು ಸಂದಿತೇ ಎಂದು ವಿಚಾರಿಸುವುದು ಅವನ ಧರ್ಮವೂ ಹೌದು, ಅವನ ಕ್ಷೇಮವೂ ಹೌದು. ಒಲ್ಲದ ಸಹಿಯ ಮೇಲೆ ಕಟ್ಟಿದ ಮನೆಗೆ ನ್ಯಾಯಾಲಯದ ಸಮನ್ಸು ಬರುವುದು ಅಪರೂಪವಲ್ಲ.

ಇಷ್ಟು ಹೊತ್ತು ಕೊಳ್ಳುವವನ ಮಾತಾಯಿತು. ಮಾರಿದವನ ಮಾತು? ಎರಡೆಕರೆ ಮಾರಿ ಕೋಟಿ ಎಣಿಸಿದ ಮನೆಯಲ್ಲಿ ಸಾಲ ತೀರಿತು, ಮನೆ ಎದ್ದಿತು, ಕಾರು ಬಂತು. ಆ ಹಣದಿಂದ ದೂರದಲ್ಲಿ ನಾಲ್ಕೆಕರೆ ಕೊಂಡವನೂ ಮಕ್ಕಳ ವಿದ್ಯೆಗೆ ಎತ್ತಿಟ್ಟವನೂ ಗೆದ್ದರು. ಅವರ ಮಾರಾಟವನ್ನು ಒಳ್ಳೆಯ ವ್ಯಾಪಾರವೆಂದು ಒಪ್ಪಬೇಕು. ಆದರೆ ತಾನು ಉತ್ತ ಹೊಲಕ್ಕೆ ಕಟ್ಟಿದ ಬೇಲಿಯ ಹೊರಗೆ ಕಾವಲುಗಾರನ ಕುರ್ಚಿ ಹಾಕಿ ಕುಳಿತವನೂ ನಮ್ಮ ನಡುವೆ ಇದ್ದಾನೆ. ಮಾರಾಟ ಅವನ ಆಯ್ಕೆಯಾಗಿತ್ತೇ, ಬತ್ತಿದ ಬಾವಿಯ ಸಾಲ ಅವನ ಕೈಯಿಂದ ಮಾಡಿಸಿದ ಕೆಲಸವೇ? ಒಬ್ಬನ ಕಷ್ಟವೇ ಇನ್ನೊಬ್ಬನ ಅಗ್ಗವಾದಾಗ ಲೆಕ್ಕದ ಪುಸ್ತಕ ಅದನ್ನು ಲಾಭವೆಂದು ಬರೆದುಕೊಳ್ಳಬಹುದು. ಊರು ಹಾಗೆ ಬರೆದುಕೊಳ್ಳುವುದಿಲ್ಲ.

ಹೀಗಿರುವಲ್ಲಿ ಒಳ್ಳೆಯ ವ್ಯಾಪಾರದ ಲಕ್ಷಣವೇನು? ನೆಲದ ಗುಣಕ್ಕೂ ಕೊಳ್ಳುವವನ ಅಗತ್ಯಕ್ಕೂ ಹೊಂದಿಕೆಯಿರಬೇಕು, ಅವನ ಸಾಲ ಅವನ ಕಾಯುವ ಶಕ್ತಿಯನ್ನು ಮೀರಬಾರದು, ಹಕ್ಕು ನಿಷ್ಕಳಂಕವಾಗಿರಬೇಕು, ಮಾರಿದವನು ನಾಳೆ ಎದುರಾದಾಗ ಇಬ್ಬರೂ ಮುಖವೆತ್ತಿ ಮಾತಾಡುವಂತಿರಬೇಕು. ಈ ನಾಲ್ಕೂ ಕೂಡಿದರೆ ತೆತ್ತ ಬೆಲೆ ತುಸು ಹೆಚ್ಚಾದರೂ ನಷ್ಟವಿಲ್ಲ. ಸರ್ಕಾರದ ಪಾಲಿನ ಕೆಲಸವೂ ಉಂಟು: ಕೊಳ್ಳಲು ಬಾಗಿಲು ತೆರೆದಷ್ಟೇ ಶ್ರದ್ಧೆಯಿಂದ ಕೆರೆ, ಕಾಲುವೆ, ಗೋಮಾಳಗಳಿಗೆ ಗಡಿಗಲ್ಲು ನೆಡಿಸಬೇಕು. ಕೆರೆಯೇ ನಿವೇಶನವಾದ ಊರಿನಲ್ಲಿ ಯಾರ ನಿವೇಶನಕ್ಕೂ ನೀರು ಸಿಗದು. ಆಗ ನಾಲ್ಕು ಬಗೆಯ ಗಿರಾಕಿಗಳೂ ಒಂದೇ ಟ್ಯಾಂಕರಿನ ಮುಂದೆ ಸಾಲುನಿಲ್ಲುತ್ತಾರೆ.