ಗಣಿ ಮುಚ್ಚಿದ ಮೇಲೆ ನೀರಿನ ಲೆಕ್ಕ

ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ರೈತನು ದೊಡ್ಡ ಮಳೆಯ ಮರುದಿನ ಮೊದಲು ನೋಡುವುದು ಹೊಲದ ಒಡ್ಡನ್ನು. ನೀರು ಎಲ್ಲಿ ಒಸರುತ್ತಿದೆ, ಒಸರುವ ನೀರು ತಿಳಿಯೋ ರಾಡಿಯೋ ಎಂದು ಪರೀಕ್ಷಿಸಿಯೇ ಅವನು ಮನೆಗೆ ಮರಳುವನು. ತಿಳಿನೀರಾದರೆ ಅಷ್ಟು ಚಿಂತೆಯಿಲ್ಲ. ರಾಡಿಯಾದರೆ ಒಡ್ಡಿನ ಒಳಮಣ್ಣೇ ಹೊರಬೀಳುತ್ತಿದೆಯೆಂದು ತಿಳಿಯಬೇಕು. ಗಣಿ ಅಗೆದು ಮುಚ್ಚಿದ ನೆಲಗಳ ವಿಷಯದಲ್ಲಿಯೂ ಇದೇ ಎಚ್ಚರವನ್ನು ಬಹುಕಾಲ ವಹಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಇಳಿಜಾರನ್ನು ಸಮಮಾಡಿ ಸಸಿ ನೆಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ಹಸುರು ಕಣ್ಣಿಗೆ ಹಿತ. ಛಾಯಾಚಿತ್ರಕ್ಕಂತೂ ಬಹು ಹಿತ. ಆದರೆ ಅಗೆದು ಸುರಿದ ಮಣ್ಣು ಮೂಲನೆಲದಂತೆ ಬಿಗಿಯಾಗಿರುವುದಿಲ್ಲ. ಮಳೆನೀರಿನ ಒಂದು ಪಾಲು ಅದನ್ನು ಕೊಚ್ಚಿಕೊಂಡು ಹರಿದರೆ, ಇನ್ನೊಂದು ಪಾಲು ಒಳಗಿಳಿದು ಬುಡದಲ್ಲೆಲ್ಲೋ ಜಿನುಗುವುದು. ಬೇರುಗಳು ಮೇಲುಮಣ್ಣನ್ನು ಹಿಡಿದಾವು. ಆಳದ ಒಸರನ್ನು ತಡೆಯಲಾರವು.

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವನ್ನು ನೋಡಿರಿ. ಭದ್ರೆಯ ಮೇಲ್ಭಾಗದಲ್ಲಿದ್ದ ಈ ತೆರೆದ ಕಬ್ಬಿಣದ ಗಣಿಯು ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ 2005ರ ಕೊನೆಗೆ ನಿಂತಿತು. ಗಣಿ ನಡೆಯುತ್ತಿದ್ದಾಗ ವಿಜ್ಞಾನಿಗಳು ಹೊಳೆಯ ಹೂಳನ್ನು ಅಳೆದಿದ್ದರು. ನೀರು ಹರಿದುಬರುವ ಒಟ್ಟು ಪ್ರದೇಶದಲ್ಲಿ ಗಣಿಯ ವಿಸ್ತಾರ ಅತ್ಯಲ್ಪವಾಗಿದ್ದರೂ ಹೂಳಿನಲ್ಲಿ ಅದರ ಪಾಲು ಬಹು ದೊಡ್ಡದಾಗಿತ್ತು. ಅದಿರನ್ನು ಅರೆದು ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ರಾಡಿಯನ್ನು ಲಕ್ಯಾ ಹೊಳೆಗೆ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಕಟ್ಟೆಯ ಹಿಂದೆ ತುಂಬಲಾಯಿತು. ಗಣಿ ನಿಂತರೂ ರಾಡಿ ಅಲ್ಲಿಯೇ ಇದೆ. ಮಲೆನಾಡಿನ ಮಳೆಯೂ ನಿಂತಿಲ್ಲ.

ಬ್ರೆಜಿಲ್ ದೇಶದ ಬ್ರುಮಾಡಿನ್ಯೊ ಎಂಬಲ್ಲಿ ಇಂಥದೊಂದು ಕಟ್ಟೆಗೆ ರಾಡಿ ತುಂಬುವುದನ್ನು 2016ರಲ್ಲಿಯೇ ನಿಲ್ಲಿಸಿದ್ದರು. 2019ರ ಜನವರಿ 25ರಂದು ಅದು ಕುಸಿದು 270 ಜನರು ಸತ್ತರು. ನೀರು ಬಸಿದುಹೋಗದೆ ಒಳಗೇ ನಿಂತಿದ್ದುದು ಕಾರಣಗಳಲ್ಲೊಂದೆಂದು ತಜ್ಞರು ಕಂಡುಕೊಂಡರು. ಎರಡು ಕಟ್ಟೆಗಳೂ ಒಂದೇ ಬಗೆಯವೆಂದು ನಾವು ಹೇಳುತ್ತಿಲ್ಲ. ಕೆಲಸ ನಿಂತ ಕಟ್ಟೆ ನಿರಪಾಯವೆಂಬ ನಂಬಿಕೆ ಸಲ್ಲದು, ಅಷ್ಟೆ.

ಒಸರನ್ನು ಅಳೆಯುವುದು ಮಹಾವಿದ್ಯೆಯೇನಲ್ಲ. ಬುಡದ ಕಾಲುವೆಗೆ ಅಡ್ಡಲಾಗಿ ತಗಡು ನಿಲ್ಲಿಸಿ, ಅದರ ಮೇಲಂಚಿನಲ್ಲಿ 90 ಡಿಗ್ರಿ ಕೋನದ ‘ವಿ’ ಆಕಾರದ ಕಚ್ಚು ಕೊರೆಯಬೇಕು. ತಗಡಿನಿಂದ ತುಸು ಹಿಂದಕ್ಕೆ, ಕಚ್ಚಿನ ತಳದ ಮಟ್ಟದಿಂದ ನೀರು 10 ಸೆಂಟಿಮೀಟರ್ ಎತ್ತರವಿದ್ದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಲೀಟರು ಹರಿಯುತ್ತಿದೆಯೆಂದಾಯಿತು. ಎತ್ತರ 20 ಆದರೆ ಒಂಬತ್ತು ಲೀಟರಲ್ಲ, ಸುಮಾರು 25! ಈ ಅಂಕಿಗಳನ್ನು ಮಳೆಯ ಅಂಕಿಗಳ ಜೊತೆಗಿಟ್ಟು ನೋಡಬೇಕು. ಮಳೆ ಇಳಿದರೂ ಒಸರು ಏರುತ್ತಿದ್ದರೆ, ಅಥವಾ ತಿಳಿನೀರು ರಾಡಿಯಾದರೆ, ಎಂಜಿನಿಯರರು ಆ ದಿನವೇ ಓಡಿಬರಬೇಕು. ಹೊಳೆಯ ಹೂಳಂತೂ ಬಹುಪಾಲು ಕೆಲವೇ ದಿನಗಳ ಭಾರಿ ಮಳೆಯಲ್ಲಿ ಹರಿದುಹೋಗುವುದರಿಂದ ತಿಂಗಳಿಗೊಮ್ಮೆ ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗುವುದು ಸಾಲದು.

ಇಂಥ ಅಂಕಿಗಳು ಕಚೇರಿಯ ಕಡತದಲ್ಲಿ ಮಲಗಬಾರದು. ಕಳಸ, ಬಾಳೆಹೊನ್ನೂರುಗಳಲ್ಲಿ ಭದ್ರೆಯ ದಂಡೆಯ ಜನರು ಓದುವಂತೆ ಹಲಗೆಯ ಮೇಲೆ ಬರೆದಿಡತಕ್ಕವು. ವೆಚ್ಚದ ಮಾತು ಬಂದರೆ, ತಗಡಿನ ಬೆಲೆ ಎಲ್ಲರಿಗೂ ಗೊತ್ತೇ ಇದೆ.

ಕುಂದಗೋಳ, ಕಲಘಟಗಿ ಕಡೆಯ ವಿದ್ಯಾರ್ಥಿಗಳಿಗೆ ದೊಡ್ಡ ಗಣಿ ಬೇಕಿಲ್ಲ. ಊರ ಹೊರಗೆ ಗರಸು ತೆಗೆದುಬಿಟ್ಟ ಗುಂಡಿಯೊಂದಿದ್ದರೆ, ಹಿರಿಯರೊಡನೆ ಹೋಗಿ ಅದರ ಕೆಳಗಿನ ಕಾಲುವೆಯಲ್ಲಿ ಈ ತಗಡನ್ನು ನಿಲ್ಲಿಸಬಹುದು. ಮುಂದಿನ ಮುಂಗಾರಿಗೆ ಮುಂಚೆಯೇ ಕಚ್ಚು ಕೊರೆದಿಟ್ಟುಕೊಳ್ಳಿರಿ.